ಅಸ್ಕರ್ ಬಯಲಲ್ಲಿ ಗುಂಯ್, ಕಟಕಟ, ಕಿರ್ರ್

ಮನಾಮದಿಂದ ಬಹ್ರೇನಿನ ಪೂರ್ವ ಕರಾವಳಿ ಹಿಡಿದು ದಕ್ಷಿಣಕ್ಕೆ ಹೋದರೆ ಅಸ್ಕರ್. ಒಂದು ಕಡೆ ಸಮುದ್ರ, ಹತ್ತಿರದಲ್ಲೇ 1971ರಲ್ಲಿ ಶುರುವಾದ ಆಲ್ಬಾ ಅಲ್ಯೂಮಿನಿಯಂ ಕಾರ್ಖಾನೆ. ಮಕ್ಕಳ ರಿಮೋಟ್ ಕಾರು ಓಡಿಸಲು ಇಲ್ಲಿನ ಬಯಲಿಗೆ ಬರುವುದಾದರೆ, ಬ್ಯಾಗಿನಲ್ಲಿ ನೀರಿನ ಜೊತೆ ಅಲೆನ್ ಕೀ ಕೂಡ ಇರಲಿ.

ಮೋಟಾರು ತಿರುಗುತ್ತಿದೆ, ಕಾರು ಮಾತ್ರ ಹೋಗುತ್ತಿಲ್ಲ ಅಂದರೆ ಮಗುವನ್ನೇ ಕೇಳಿ: "ಹೇಗೆ ಸದ್ದು ಮಾಡ್ತಿದೆ ಪುಟ್ಟಾ?" ಇಂಗ್ಲಿಷಿನಲ್ಲೇ ಉತ್ತರಿಸುವ ನಮ್ಮ ಎಂಟು ವರ್ಷದ ಮಗಳಿಗೆ ಎಲ್ಲ ಸದ್ದೂ ಬರೀ 'ನಾಯ್ಸ್' ಆಗಿತ್ತು. ರಿಪೇರಿಗೆ ಅದು ಸಾಲದು! 'ಗುಂಯ್' ಎಂದು ಮೋಟಾರಷ್ಟೇ ಕೂಗಿದರೆ, ಅದರ ಶಾಫ್ಟ್ ಮೇಲಿನ ಪುಟ್ಟ ಗೇರು, ಅಂದರೆ ಪಿನಿಯನ್, ಸಡಿಲವಾಗಿರಬಹುದು. ಅದರ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂರುವಂತೆ ಬಿಗಿ ಮಾಡಿ. 'ಕಟಕಟ' ಅಂದರೆ ಬಹುಶಃ ದೊಡ್ಡ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ, ಬದಲಿಸಿ. ಎರಡು ಗೇರುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಕೂರಿಸಿ, ಆಮೇಲೆ ಎಳೆದರೆ ಅಂತರ ಸರಿಯಾಗುತ್ತದೆ. 'ಕಿರ್ರ್' ಅಂದರೆ ಸ್ಲಿಪ್ಪರ್ ಕ್ಲಚ್ ಜಾರುತ್ತಿದೆ. ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಸಿ. ಪೂರ್ತಿ ಬಿಗಿದರೆ ಪೆಟ್ಟೆಲ್ಲ ಹಲ್ಲಿಗೇ.

ಕೈ ಹಾಕುವ ಮುನ್ನ ಬ್ಯಾಟರಿ ಕಳಚಿ. ತೆರೆದ ಗೇರಿಗೆ ಎಣ್ಣೆ ಬೇಡವೇ ಬೇಡ: ಇಲ್ಲಿನ ನುಣ್ಣನೆಯ ಧೂಳು ಅಂಟಿಕೊಂಡು ಉಪ್ಪುಕಾಗದದ ಹಾಗೆ ಹಲ್ಲು ತಿನ್ನುತ್ತದೆ. ಹಳೆ ಟೂತ್‌ಬ್ರಷ್ ಸಾಕು.

ಈಗ ಕಾರು ನಿಂತರೆ ಮಗಳು ದೂರದಿಂದಲೇ ಕೂಗುತ್ತಾಳೆ: "ಅಪ್ಪಾ, ಕಟಕಟ ಅಲ್ಲ, ಕಿರ್ರ್!" ಅದರ ಹಿಂದೆ ಬರುವ ಉದ್ದದ ವಿವರಣೆ ಇನ್ನೂ ಇಂಗ್ಲಿಷಿನಲ್ಲೇ.