ಕೊಪ್ಪದ ಕಬ್ಬಿನ ಬದುವಿನ ಮೇಲೆ

ಕೊಪ್ಪವೆಂದೊಡನೆ ಹಲವರಿಗೆ ಮಲೆನಾಡಿನ ಕೊಪ್ಪವೇ ನೆನಪಿಗೆ ಬರುತ್ತದೆ. ನಾನೀಗ ಹೇಳಹೊರಟಿರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಕೊಪ್ಪದ ಮಾತು. ಅದು ಅಡಕೆಯ ನಾಡಾದರೆ ಇದು ಕಬ್ಬು, ಭತ್ತ, ರಾಗಿಗಳ ನಾಡು. ಸಕ್ಕರೆ ಕಾರ್ಖಾನೆಯಿರುವ ಈ ಊರಿಗೆ ಅರೆಯುವ ಕಾಲದಲ್ಲಿ ಹೋದರೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳೇ ದಾರಿ ತೋರಿಸುತ್ತವೆ. ನಾನು ಈಚೆಗೆ ಹೋದದ್ದು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ, ಪರಿಚಿತ ಶರಣ ಕುಟುಂಬವೊಂದರ ಗುರುಪ್ರವೇಶಕ್ಕೆ. ಸಂಜೆ ಶಿವಾನುಭವ ಗೋಷ್ಠಿಯಲ್ಲಿ ನಾಲ್ಕು ಮಾತು ಆಡಬೇಕೆಂಬುದು ಅವರ ಅಪೇಕ್ಷೆ.

ಬೆಳಗಿನ ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಮನೆಯ ಹಿರಿಯರೊಡನೆ ಗದ್ದೆಯ ಕಡೆ ನಡೆದೆ. ಅವರ ಮೊಮ್ಮಗ, ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ, ನಮ್ಮ ಹಿಂದೆ ಬರುತ್ತಿದ್ದ. ಕಬ್ಬಿನ ಬದುವನ್ನು ತಿರುಗಿದೊಡನೆ ಹಿರಿಯರು ನನ್ನ ತೋಳನ್ನು ಹಿಡಿದು ನಿಲ್ಲಿಸಿದರು. ಹದಿನೈದು ಹೆಜ್ಜೆಯ ಆಚೆ ಎರಡು ಉದ್ದನೆಯ ಹಾವುಗಳು ಹಗ್ಗದಂತೆ ಹೊಸೆದುಕೊಂಡು, ಮುಂದಲೆಯನ್ನು ಮೇಲಕ್ಕೆತ್ತಿ ತೂಗಾಡುತ್ತಿದ್ದವು.

"ಕೇರೆಯೂ ನಾಗರವೂ ಕೂಡ್ತಾ ಅವೆ ಪಂಡಿತರೇ. ಹತ್ತಿರ ಹೋಗಬಾರದು. ಹೊಸ ಬಟ್ಟೆ ಹಾಸಿ, ಆಮೇಲೆ ಅದನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಮನೆಗೆ ಐಶ್ವರ್ಯ ಅಂತಾರೆ" ಎಂದು ಪಿಸುಗುಟ್ಟಿದರು.

ನನಗೆ ಆ ಮಾತು ಹೊಸದಲ್ಲ. ಕೇರೆ ಗಂಡು, ನಾಗರ ಹೆಣ್ಣು ಎಂದು ಬಾಲ್ಯದಲ್ಲಿ ಕೇಳಿದ್ದನ್ನೇ ನಂಬಿಕೊಂಡು ಬಂದವನು ನಾನು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮೂವತ್ತು ವರ್ಷಗಳಿಂದ ಉಪನ್ಯಾಸಗಳಲ್ಲಿ, ಸಹವಾಸದೋಷವನ್ನು ವಿವರಿಸುವಾಗಲೆಲ್ಲ, "ನಾಗರವನ್ನು ಕೂಡಿದ ಕೇರೆಯ ಸಂತಾನಕ್ಕೂ ವಿಷ ಬರುತ್ತದೆ" ಎಂಬ ದೃಷ್ಟಾಂತವನ್ನು ಕೊಡುತ್ತಲೇ ಬಂದಿದ್ದೇನೆ.

ಅಷ್ಟರಲ್ಲಿ ಪಕ್ಕದ ಹೊಲದಿಂದ ಯುವಕನೊಬ್ಬ ಬಂದ. ಮನೆಗಳಿಗೆ ಹೊಕ್ಕ ಹಾವುಗಳನ್ನು ಹಿಡಿದು ದೂರ ಬಿಟ್ಟುಬರುವುದು ಅವನ ರೂಢಿಯಂತೆ. ಅವನು ನಕ್ಕು, "ಎರಡೂ ಕೇರೆಯೇ, ಎರಡೂ ಗಂಡೇ. ಹೆಣ್ಣಿಗಾಗಿ ಬಲ ನೋಡಿಕೊಳ್ತಾ ಅವೆ. ಕಚ್ಚೋದಿಲ್ಲ, ಒಂದನ್ನೊಂದು ನೆಲಕ್ಕೆ ಒತ್ತುತ್ತವೆ ಅಷ್ಟೆ" ಎಂದ. ನಾವು ನೋಡುತ್ತಿದ್ದಂತೆಯೇ ಒಂದು ಹಾವು ಇನ್ನೊಂದನ್ನು ಮಣಿಸಿ ನೆಲಕ್ಕೊತ್ತಿತು. ಸೋತದ್ದು ಬಿಡಿಸಿಕೊಂಡು ಕಬ್ಬಿನೊಳಕ್ಕೆ ಸರಿದುಹೋಯಿತು. ಯಾವುದಕ್ಕೂ ಹೆಡೆಯಿರಲಿಲ್ಲ.

ಕೇರೆ ಮತ್ತು ನಾಗರ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು, ಅವು ಕೂಡುವುದಿಲ್ಲ. ಬದಲಿಗೆ, ಸಿಕ್ಕಿದರೆ ನಾಗರವು ಕೇರೆಯನ್ನು ನುಂಗುವುದೂ ಉಂಟು. ಹಾವು ನಾಲಿಗೆಯನ್ನು ಚಾಚಿ ಚಾಚಿ ವಾಸನೆಯ ಕಣಗಳನ್ನು ಅಂಗುಳದಲ್ಲಿರುವ ಜಾಕೋಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಹೆಣ್ಣು ಹರಿದ ಜಾಡಿನಿಂದಲೇ ಅದು ತನ್ನ ಜಾತಿಯದೆಂದು ಗಂಡಿಗೆ ಗೊತ್ತಾಗುತ್ತದೆ. ಕೊಪ್ಪದ ಬದುವಿನಲ್ಲಿ ಕೇರೆ, ನಾಗರ, ಕೊಳಕುಮಂಡಲಗಳು ಒಂದೇ ಇಲಿಯ ಬಿಲವನ್ನು ಅರಸಿ ಬಂದರೂ ಬೆರೆಯದಿರುವುದಕ್ಕೆ ಇಂತಹ ಗುರುತುಗಳೂ ಕಾರಣ.

ಹಿಂದಿರುಗುವಾಗ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಹೊಲದಲ್ಲಿ ಆಗದೆ ಇರಬಹುದು ಪಂಡಿತರೇ, ಗಾಜಿನ ಪೆಟ್ಟಿಗೆಯಲ್ಲಿ ಆಗುತ್ತೆ" ಎಂದು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. ಅಮೆರಿಕದಲ್ಲಿ ಕಾರ್ನ್ ಸ್ನೇಕ್ ಎಂಬ ಹಾವನ್ನು ಕಿಂಗ್ ಸ್ನೇಕ್ ಎಂಬ ಬೇರೊಂದು ಜಾತಿಯೊಡನೆ ಕೂಡಿಸಿ ಮರಿ ಮಾಡಿಸುತ್ತಾರೆ. ಆ ಮರಿಗಳಿಗೆ ಮತ್ತೆ ಸಂತಾನವೂ ಆಗುತ್ತದೆ. ಕಿಂಗ್ ಸ್ನೇಕ್ ಹಾವುಗಳನ್ನೇ ತಿನ್ನುವ ಹಾವು. ಆದ್ದರಿಂದ ಒಂದರ ವಾಸನೆಯನ್ನು ಇನ್ನೊಂದಕ್ಕೆ ಸವರಿ ಮೋಸಗೊಳಿಸುವುದುಂಟು. ಆಫ್ರಿಕದ ಬಾಲ್ ಪೈಥಾನ್, ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವ ಸಣ್ಣ ಹೆಬ್ಬಾವು. ಅದನ್ನೂ ಬೇರೆ ಹೆಬ್ಬಾವುಗಳೊಡನೆ ಬೆರೆಸಿದ್ದಾರೆ. ತನ್ನ ಗೆಳೆಯನೊಬ್ಬನು ಇಂತಹ ಹಾವುಗಳ ಜೋಡಿಯನ್ನು ಕೊಡಿಸುವನೆಂದೂ, ಮರಿಗಳನ್ನು ಮಾರಿದರೆ ಓದಿನ ಖರ್ಚು ಕಳೆಯುವುದೆಂದೂ ಹೇಳಿದ. ಅಜ್ಜನ ಮುಖ ಬಾಡಿತು. "ನೀವೇ ಒಂದು ಮಾತು ಹೇಳಿ" ಎಂದರು.

ಹುಡುಗನ ವಾದ ಹಗುರವಾದುದಲ್ಲ. "ಈ ಕಬ್ಬೂ ಬೆರಕೆಯದೇ ತಾನೆ?" ಎಂದ. ನಿಜ. 1912ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಕಬ್ಬು ತಳಿ ಕೇಂದ್ರದಲ್ಲಿ ರಸದ ಕಬ್ಬನ್ನು ಕಾಡುಕಬ್ಬಿನೊಡನೆ ಕೂಡಿಸಿ ಹುಟ್ಟಿಸಿದ ತಳಿಗಳ ವಂಶವೇ ಇಂದು ನಮ್ಮ ಗದ್ದೆಗಳಲ್ಲಿದೆ. ಬೆರಕೆ ಎಂಬುದೇ ಪಾಪವಾಗಿದ್ದರೆ ಮಂಡ್ಯದ ಸಕ್ಕರೆಯನ್ನು ನಾವು ಮುಟ್ಟುವಂತಿರಲಿಲ್ಲ. ಇನ್ನು ಹಾವಿನ ಮಾತನ್ನು ಮನುಷ್ಯರ ಸಂಬಂಧಗಳಿಗೆ ಎಳೆದು ತರುವುದಂತೂ ತಪ್ಪು. ಮನುಷ್ಯರದು ಒಂದೇ ಜಾತಿ. ಹರಳಯ್ಯ, ಮಧುವರಸರ ಮನೆಗಳು ಕಲ್ಯಾಣದಲ್ಲಿ ಬೀಗತನ ಬೆಳೆಸಿದ್ದನ್ನು ಕೊಂಡಾಡುವ ನಾವು ಇದನ್ನು ಮರೆಯಬಾರದು.

ಹಾಗಾದರೆ ಹಾವನ್ನು ಬೆರೆಸುವುದರಲ್ಲಿ ದೋಷವೇನು? ಯಾರ ಹಿತಕ್ಕೆ, ನೋವು ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ನಾನು ಆ ಹುಡುಗನ ಮುಂದಿಟ್ಟೆ. ಬಣ್ಣಕ್ಕಾಗಿಯೇ ಬೆಳೆಸಿದ ಬಾಲ್ ಪೈಥಾನುಗಳಲ್ಲಿ 'ಸ್ಪೈಡರ್' ಎಂಬ ಬಗೆಯೊಂದಿದೆ. ಇದು ಒಂದೇ ಜಾತಿಯೊಳಗಿನ ಆಯ್ಕೆಯೇ ಹೊರತು ಬೆರಕೆಯಲ್ಲ. ಆದರೂ ಮೈಮೇಲೆ ಬಲೆಯಂತಹ ಅಂದದ ಗೆರೆಗಳನ್ನು ತಂದ ಗುಣವೇ ಒಳಕಿವಿಯನ್ನೂ ಕೆಡಿಸಿ, ಹಾವಿನ ತಲೆ ತೂಗಾಡುವಂತೆ ಮಾಡುತ್ತದೆ. ಕೊಳ್ಳುವವನಿಗೆ ಬಣ್ಣ, ಹೊರುವ ಹಾವಿಗೆ ಬವಳಿ.

ಪೆಟ್ಟಿಗೆಯ ಹಾವು ಪೆಟ್ಟಿಗೆಯಲ್ಲಿಯೇ ಉಳಿಯುವುದೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಸಾಕುಪ್ರಾಣಿಗಳ ವ್ಯಾಪಾರದಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಜೌಗುನಾಡನ್ನೆಲ್ಲ ತುಂಬಿವೆ. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸುಮಾರು 400 ಹಾವುಗಳ ಪೈಕಿ 13ರಲ್ಲಿ ನಮ್ಮ ಭಾರತದ ಹೆಬ್ಬಾವಿನ ವಂಶದ ಕುರುಹು ಕಂಡುಬಂದಿತು. ಎಲ್ಲಿಯೋ ಯಾರೋ ಬೆರೆಸಿದ್ದು, ಅಥವಾ ತಾನಾಗಿ ಬೆರೆತದ್ದು, ಈಗ ಹಿಂದಕ್ಕೆ ಕರೆಯಲಾಗದ ಸಂತಾನವಾಗಿದೆ.

ನಮ್ಮ ಮನೆಬಾಗಿಲಿಗೂ ಈ ವ್ಯಾಪಾರ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಸಾಮಾನಿನಲ್ಲಿ 55 ಬಾಲ್ ಪೈಥಾನುಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಮಂಗಗಳು ಸತ್ತಿದ್ದವು. ಕಾಳಿಂಗವನ್ನೇ ನೋಡಿ: 1836ರಲ್ಲಿ ವಿದ್ವಾಂಸರು ವರ್ಣಿಸಿದಂದಿನಿಂದ ಅದು ಒಂದೇ ಜಾತಿಯೆಂದು ಎಣಿಸಲಾಗಿತ್ತು. ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅದರಲ್ಲಿ ನಾಲ್ಕು ಜಾತಿಗಳಿವೆಯೆಂದು 2024ರಲ್ಲಿ ತೋರಿಸಿಕೊಟ್ಟರು. ನಮ್ಮ ಪಶ್ಚಿಮ ಘಟ್ಟದ ಜಾತಿಗೆ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಇಟ್ಟಿದ್ದಾರೆ. ವಿದ್ವಾಂಸರಿಗೇ ಇಷ್ಟು ಕಾಲ ತಿಳಿಯದ ಭೇದವನ್ನು, ದೂರದೇಶದ ಕಾಳಿಂಗವನ್ನು ತರಿಸಿ ಮನೆಯ ಮೂಲೆಯಲ್ಲಿ ಕೂಡಿಸುವವನು ಹೇಗೆ ಬಲ್ಲನು?

ಕಾನೂನೂ ಈಗ ಬಿಗಿಯಾಗಿದೆ. ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಾಲ್ ಪೈಥಾನಿನಂತಹ ವಿದೇಶದ ಪ್ರಾಣಿಗಳನ್ನು ಇಟ್ಟುಕೊಂಡವರು, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಮೇರೆಗೆ, ಅವುಗಳನ್ನೂ ಹುಟ್ಟಿದ ಮರಿಗಳನ್ನೂ ಸರ್ಕಾರದಲ್ಲಿ ನೋಂದಾಯಿಸಬೇಕು.

ಹುಡುಗ ಉತ್ತರ ಕೊಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಕಲ್ಲಿನ ಹಾವಿಗೆ ಹಾಲು, ಜೀವದ ಹಾವಿಗೆ ದೊಣ್ಣೆ ಎಂಬ ನಮ್ಮ ಇಬ್ಬಗೆಯನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಎತ್ತಿ ತೋರಿದರು. ಪೂಜಿಸುವುದು, ಬಡಿಯುವುದು, ಈಗ ಬಣ್ಣಕ್ಕಾಗಿ ಬೆರೆಸುವುದು: ಈ ಮೂರರಲ್ಲಿಯೂ ಹಾವಿನ ಇಷ್ಟವನ್ನು ನಾವು ಕೇಳಿದ್ದೇ ಇಲ್ಲ.

ಆ ಸಂಜೆ ಗೋಷ್ಠಿಯಲ್ಲಿ ನಾನು ಮೊದಲು ಮಾಡಿದ ಕೆಲಸವೆಂದರೆ ತಪ್ಪೊಪ್ಪಿಗೆ. ಕೇರೆ-ನಾಗರಗಳ ದೃಷ್ಟಾಂತವನ್ನು ಇಷ್ಟು ವರ್ಷ ಹೇಳಿದ್ದು ಸುಳ್ಳೆಂದೂ, ಕೇಳಿದವರು ಅದನ್ನು ಬಿಟ್ಟುಬಿಡಬೇಕೆಂದೂ ಸಭೆಗೆ ತಿಳಿಸಿದೆ. ಈ ಪುಟಗಳ ಓದುಗರಲ್ಲಿಯೂ ಅದೇ ನನ್ನ ಬಿನ್ನಹ.

ಮರುದಿನ ಬೆಳಿಗ್ಗೆ ಬಸ್ಸಿನವರೆಗೆ ನನ್ನ ಚೀಲವನ್ನು ಹೊತ್ತು ತಂದವನು ಆ ಹುಡುಗನೇ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಬಳಿ ಬಂದು, "ಗೆಳೆಯನಿಗೆ ಮುಂಗಡ ಕೊಟ್ಟಿದ್ದೆ ಪಂಡಿತರೇ. ಇನ್ನು ಅದು ಹೋದ ಹಾಗೇ" ಎಂದಷ್ಟೇ ಹೇಳಿ ನಕ್ಕ.