ವೇಷ ಬೇರೆ, ವಂಶ ಬೇರೆ



ಜೇಡ ಕಂಡರೆ ನಮ್ಮಲ್ಲಿ ಎರಡೇ ಮಾತು. ಒಂದು "ಅಯ್ಯೋ ಹುಳ!", ಇನ್ನೊಂದು "ಪೊರಕೆ ತಗೊಂಬಾ". "ಎಲ್ಲಾ ಒಂದೇ ಜಾತಿ, ಒಂದು ಸತ್ತರೆ ಏನಾಯ್ತು?" ಅಂತ ನಮ್ಮ ತರಗತಿಯಲ್ಲೇ ಕೇಳಿದವರಿದ್ದಾರೆ. ಅವರಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಜೇಡ ಕೀಟವಲ್ಲ. ಕೀಟಕ್ಕೆ ಆರು ಕಾಲು, ದೇಹದಲ್ಲಿ ಮೂರು ಭಾಗ. ಜೇಡಕ್ಕೆ ಎಂಟು ಕಾಲು, ಎರಡೇ ಭಾಗ. ಚೇಳು, ಉಣ್ಣೆ ಇದರ ನೆಂಟರು. ಎರಡನೆಯದಾಗಿ, ಎಲ್ಲಾ ಒಂದೇ ಜಾತಿಯೂ ಅಲ್ಲ. ಸ್ವೀಡನ್ನಿನ ಕ್ಲರ್ಕ್ ಎಂಬುವರು 1757ರಲ್ಲೇ ಜೇಡಗಳಿಗೆ ವೈಜ್ಞಾನಿಕ ಹೆಸರಿಟ್ಟು ಪುಸ್ತಕ ಬರೆದರು. 2022ರಲ್ಲಿ ಜಗತ್ತಿನ ಜೇಡಗಳ ಪಟ್ಟಿ 50,000 ದಾಟಿತು. ಉಷ್ಣವಲಯದ ಕಾಡುಗಳಲ್ಲಿ ಹೆಸರಿಲ್ಲದವು ಇನ್ನೂ ಸಿಗುತ್ತಲೇ ಇವೆ.

ಯಾವುದು ಯಾವುದಕ್ಕೆ ನೆಂಟ ಅಂತ ತಿಳಿಯೋದು ಹೇಗೆ? ಬರೀ ರೂಪ ನೋಡಿದರೆ ಸಾಲದು. ಶಾಲೆ ಹಿಂದಿನ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳಿವೆ. ಅಲ್ಲೇ ಒಂದು "ಇರುವೆ" ಒಂಟಿಯಾಗಿ ಓಡಾಡುತ್ತಿತ್ತು. ಕಡ್ಡಿ ತಾಗಿಸಿದೆ. ತಕ್ಷಣ ನೂಲು ಬಿಟ್ಟು ಕೆಳಗೆ ಇಳಿಯಿತು! ಇರುವೆ ಎಲ್ಲಾದರೂ ಹಾಗೆ ಮಾಡುತ್ತದೆಯೇ? ಎಣಿಸಿದೆ, ಎಂಟು ಕಾಲು. ಮುಂದಿನ ಎರಡನ್ನು ಮೀಸೆಯ ಹಾಗೆ ಎತ್ತಿಕೊಂಡು ಆರೇ ಕಾಲು ಇರುವಂತೆ ತೋರಿಸುತ್ತಿತ್ತು. ಮುಖದಲ್ಲಿ ಎರಡು ದೊಡ್ಡ ಕಣ್ಣು. ಅದು ಜಿಗಿಯುವ ಜೇಡಗಳ ಮನೆತನದ ಗುರುತು.

ಇದನ್ನು ಹೇಳಿದಾಗ ನಮ್ಮಜ್ಜ, "ಮೇಳದಲ್ಲಿ ಸ್ತ್ರೀವೇಷ ಕಟ್ಟಿದೋನು ಹೆಂಗಸಾಗ್ತಾನೇನೋ?" ಅಂದರು. ಅಜ್ಜನ ಮಾತೇ ವರ್ಗೀಕರಣದ ಪಾಠ!

ಆದರೆ ಈ ವೇಷವನ್ನು ಜೇಡ ತಾನಾಗಿ ಹಾಕಿಕೊಂಡಿದ್ದಲ್ಲ. ಚಗಳಿ ಕಚ್ಚುತ್ತದೆ ಅಂತ ಬೇಟೆಯಾಡುವ ಪ್ರಾಣಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಸ್ವಲ್ಪ ಇರುವೆಯಂತೆ ಕಂಡ ಜೇಡಗಳು ಹೆಚ್ಚು ಬದುಕಿದವು, ಮರಿ ಮಾಡಿದವು. ಲಕ್ಷಾಂತರ ವರ್ಷ ಹೀಗೇ ನಡೆದು ಈ ರೂಪ ಬಂತು. ಇದೇ ವಿಕಾಸ.

ಹಳೇ ಗುರುತುಗಳು ಬೇರೆ ಕಡೆಯೂ ಉಳಿದಿವೆ. ಬಿಲದಲ್ಲಿರುವ ದೊಡ್ಡ ರೋಮದ ಜೇಡದ ವಿಷದ ಹಲ್ಲು ಗುದ್ದಲಿಯಂತೆ ಮೇಲಿಂದ ಕೆಳಗೆ ಬೀಳುತ್ತದೆ. ಬಲೆ ನೇಯುವ ಜೇಡದ್ದು ಇಕ್ಕಳದಂತೆ ಅಕ್ಕಪಕ್ಕದಿಂದ ಕೂಡುತ್ತದೆ. ಆಗ್ನೇಯ ಏಷ್ಯಾದ ಲಿಫಿಸ್ಟಿಯಸ್ ಜೇಡದ ಹೊಟ್ಟೆಯ ಮೇಲೆ ಇಂದಿಗೂ ಚೇಳಿಗಿರುವಂತೆ ಪಟ್ಟಿಗಳಿವೆ. ಮ್ಯಾನ್ಮಾರ್‌ನಲ್ಲಿ ಕಲ್ಲಿನಂತಾದ ಮರದ ಅಂಟಿನೊಳಗೆ ಸುಮಾರು 10 ಕೋಟಿ ವರ್ಷದ ಹಿಂದಿನ ಒಂದು ಪುಟ್ಟ ಜೀವಿ ಸಿಕ್ಕಿತು. 2018ರಲ್ಲಿ ವಿಜ್ಞಾನಿಗಳು ಅದರ ವಿವರ ಪ್ರಕಟಿಸಿದರು. ಅದಕ್ಕೆ ಜೇಡದಂತೆ ನೂಲು ತೆಗೆಯುವ ಅಂಗವೂ ಇತ್ತು, ಉದ್ದನೆಯ ಬಾಲವೂ ಇತ್ತು!

ಆದ್ದರಿಂದ ಗೆಳೆಯರೇ, ಶನಿವಾರ ತರಗತಿ ಗುಡಿಸುವಾಗ ಧೂಳು ಹಿಡಿದ ಹಳೇ ಬಲೆ ತೆಗೆಯಿರಿ. ಜೇಡ ಕೂತಿರುವ ಬಲೆಯಾದರೆ ನನ್ನನ್ನು ಕೂಗಿ. ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಬೇಲಿಗೆ ಬಿಡೋಣ. ಇರುವೆ ವೇಷದ ಜೇಡ ನೋಡಬೇಕೆನ್ನುವವರು ಊಟದ ಬಿಡುವಿನಲ್ಲಿ ಮಾವಿನ ಮರದ ಹತ್ತಿರ ಬನ್ನಿ. ಕೈ ಮಾತ್ರ ಹಾಕಬೇಡಿ. ಅಲ್ಲಿ ನಿಜವಾದ ಚಗಳಿಗಳೂ ಇವೆ!

— 9ನೇ ತರಗತಿ