ಮಳೆನಾಡಿನಲ್ಲಿ ತಂಬೂರಿ

ಸಂಗೀತಾಭ್ಯಾಸವೆಂದರೆ ಕಂಠದ ಅಥವಾ ಬೆರಳಿನ ಅಭ್ಯಾಸವೆಂದಷ್ಟೇ ಬಹುಜನರು ಭಾವಿಸುವುದುಂಟು. ಆದರೆ ವಾದ್ಯವನ್ನು ಮನೆಯಲ್ಲಿ ಇರಿಸಿಕೊಳ್ಳುವುದೂ ಆ ಅಭ್ಯಾಸದ ಒಂದು ಅಂಗವೇ ಎಂಬುದು, ಒಂದು ಕಡೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಕಡೆ ಸಹ್ಯಾದ್ರಿಯನ್ನೂ ಮೇರೆಯಾಗಿ ಪಡೆದ ನಮ್ಮ ಕುಮಟೆಯಂಥ ಊರಿನಲ್ಲಿ ನೆಲಸಿದವರಿಗೆ ಯಾರೂ ಹೇಳಿಕೊಡದೆಯೇ ಮನದಟ್ಟಾಗುತ್ತದೆ. ವರ್ಷವೊಂದಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಆಷಾಢ ಶ್ರಾವಣಗಳಲ್ಲಿ ಕೆಂಪುಕಲ್ಲಿನ ಗೋಡೆಯೂ ಬೆವರುವ, ಪೆಟ್ಟಿಗೆಯೊಳಗಣ ರೇಷ್ಮೆ ಸೀರೆಗೂ ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುವ ಈ ನೆಲದಲ್ಲಿ, ಒಣಗಿದ ಸೋರೆಬುರುಡೆಯೊಂದನ್ನೂ ಅದರ ಮೇಲೆ ಕೂಡಿಸಿದ ತೆಳುವಾದ ಹಲಗೆಯನ್ನೂ ನಾಲ್ಕು ತಂತಿಗಳನ್ನೂ ವರ್ಷವಿಡೀ ಸುಸ್ಥಿತಿಯಲ್ಲಿ ಕಾಪಾಡಿಕೊಳ್ಳುವ ಕೆಲಸವನ್ನು ನಾನು ಗಾಯನದಷ್ಟೇ ಪ್ರೀತಿಸುತ್ತೇನೆ.

ಈ ನೆಲಕ್ಕೆ ತಂಬೂರಿ ಬಂದುದು ಹಳೆಯ ದಾರಿಯೊಂದರಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಬಂದು ಕುಮಟೆಯ ಬಂದರಿನಲ್ಲಿ ಹಡಗೇರುತ್ತಿದ್ದಿತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ನಮ್ಮ ಊರಿನ ಹೆಸರೇ ನಿಂತಿದ್ದಿತು. ಹತ್ತಿಯ ವ್ಯಾಪಾರ ಅಡಗಿದ ಮೇಲೆಯೂ ಅದೇ ಧಾರವಾಡದ ಕಡೆಯಿಂದ ಹಿಂದುಸ್ತಾನಿ ಸಂಗೀತ ನಮ್ಮ ಜಿಲ್ಲೆಗೆ ಹರಿದು ಬರುತ್ತಲೇ ಇದ್ದಿತು. ಧಾರವಾಡದ ಗಾಯಕ ಬಸವರಾಜ ರಾಜಗುರುಗಳ ಶಿಷ್ಯರಾದ ಹಾಸಣಗಿಯ ಗಣಪತಿ ಭಟ್ಟರಂಥವರು ಈ ಜಿಲ್ಲೆಯವರೇ. ಅಡಕೆ ತೋಟಗಳ ನಡುವಣ ಮನೆಗಳಲ್ಲಿ ಯಕ್ಷಗಾನದ ಮದ್ದಳೆಯ ಪಕ್ಕದಲ್ಲಿಯೇ ತಂಬೂರಿಗೂ ಒಂದು ಮೂಲೆ ದೊರೆತುದು ಹೀಗೆ.

ಆ ತಂಬೂರಿಗಳಲ್ಲಿ ಹೆಚ್ಚಿನವು ಮಹಾರಾಷ್ಟ್ರದ ಮೀರಜದವು. ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳವರು ಕತ್ತಿಯ ಕಾಲ ಮುಗಿಯುತ್ತ ಬಂದಾಗ ತಂತಿವಾದ್ಯಗಳ ನಿರ್ಮಾಣಕ್ಕೆ ಕೈಹಚ್ಚಿದ ಊರದು; ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರೂ ಹೌದು. ಅಲ್ಲಿಯ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಪಂಢರಪುರದ ಸುತ್ತಲಿನ ಬಿಸಿಲಿನಲ್ಲಿ ಬೆಳೆದು ಒಣಗಿದ ಬುರುಡೆ, ಮೀರಜದ ಒಣಹವೆಯಲ್ಲಿ ವಾದ್ಯವಾಗಿ ರೂಪುಗೊಂಡು, ಕೊನೆಗೆ ನಮ್ಮ ತೇವದ ನಾಡಿಗೆ ಬಂದು ಬಾಳಬೇಕು. ಅದರ ಪಾಲನೆಯ ಕಷ್ಟವೂ ಸೊಗಸೂ ಈ ಸ್ಥಾನಪಲ್ಲಟದಲ್ಲಿಯೇ ಅಡಗಿವೆ.

ಎಲ್ಲಿ ಇಡಬೇಕೆಂಬುದು ಮೊದಲನೆಯ ಪ್ರಶ್ನೆ. ನೆಲದ ಮೇಲೆ ಮಲಗಿಸಿದರೆ ಕತ್ತಲಲ್ಲಿ ಯಾರಾದರೂ ಎಡವಿಯಾರು. ಗೋಡೆಗೆ ತಾಗಿಸಿ ನಿಲ್ಲಿಸಿದರೆ ಗೋಡೆಯ ತೇವ ದಂಡಿಗೆ ಏರೀತು. ಗೂಟಕ್ಕೆ ತೂಗಹಾಕಿದರೆ ಗಾಳಿಗೆ ಓಲಾಡಿ ಬುರುಡೆ ಗೋಡೆಗೆ ಬಡಿದೀತು. ಬಹುಕಾಲದ ಪ್ರಯೋಗದಿಂದ ನಾನು ಕಂಡುಕೊಂಡ ಕ್ರಮವೆಂದರೆ, ನಡುಮನೆಯ ಒಳಗೋಡೆಯ ಮೂಲೆಯಲ್ಲಿ ಮಣೆಯೊಂದನ್ನು ಹಾಕಿ, ಅದರ ಮೇಲೆ ಹಳೆಯ ನೂಲಿನ ಸೀರೆಯ ಸಿಂಬೆಯನ್ನಿರಿಸಿ, ಅದರಲ್ಲಿ ಬುರುಡೆಯನ್ನು ಕೂರಿಸಿ, ದಂಡಿಯ ತುದಿಗೂ ಗೋಡೆಗೂ ನಡುವೆ ಮಡಿಸಿದ ಬಟ್ಟೆಯನ್ನು ಕೊಟ್ಟು, ತಂತಿಗಳ ಮುಖ ಒಳಕ್ಕಾಗುವಂತೆ ನಿಲ್ಲಿಸುವುದು. ಮೇಲೆ ಹೊದಿಸುವ ಗವಸಣಿಗೆಯೂ ನೂಲಿನದೇ ಆಗಬೇಕು. ಪ್ಲಾಸ್ಟಿಕ್ಕಿನ ಹೊದಿಕೆ ತೇವವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬಚ್ಚಲೊಲೆಯ ಬಳಿ ಬೆಚ್ಚಗಿರುವುದೆಂದು ಅಲ್ಲಿರಿಸುವ ಆಸೆ ಮಳೆಗಾಲದಲ್ಲಿ ಸಹಜವಾದರೂ ಅದು ಸಲ್ಲದು. ಹಠಾತ್ತನೆ ತಗಲುವ ಬಿಸಿಗೆ ಬುರುಡೆ ಸೀಳುತ್ತದೆ, ಸರೇಸಿನಿಂದ ಕೂಡಿಸಿದ ಸಂದುಗಳು ಬಾಯ್ಬಿಡುತ್ತವೆ.

ಮಳೆ ಹಿಡಿದ ದಿನಗಳಲ್ಲಿ ಬಿರಡೆಗಳು ಉಬ್ಬಿ ತಿರುಗದೆ ನಿಲ್ಲುತ್ತವೆ; ಬೇಸಗೆಯಲ್ಲಿ ಅವೇ ಸಡಿಲಗೊಂಡು ಜಾರುತ್ತವೆ, ಆಗ ಸೀಮೆಸುಣ್ಣದ ಪುಡಿಯೇ ಗತಿ. ಉಪ್ಪುಗಾಳಿಗೆ ಮೊದಲು ಬಲಿಯಾಗುವುವು ನಡುವಣ ಉಕ್ಕಿನ ಜೋಡಿ ತಂತಿಗಳು. ಆದುದರಿಂದ ಪ್ರತಿದಿನ ಸಾಧನೆ ಮುಗಿದ ಮೇಲೆ, ಕೈಯ ಬೆವರು ತಂತಿಯಲ್ಲಿ ಉಳಿಯದಂತೆ ಒಣಬಟ್ಟೆಯಿಂದ ಒಂದೊಂದನ್ನೂ ಒರಸುವುದು ನನ್ನ ನಿಯಮ. ಕೆಲವು ದಿನ ಪರಸ್ಥಳಕ್ಕೆ ಹೋಗುವುದಿದ್ದರೆ ತಂತಿಗಳನ್ನು ತುಸು ಇಳಿಸುತ್ತೇನೆ. ಎಳೆತದ ಭಾರಕ್ಕೆ ಹಲಗೆ ಕುಸಿಯದಿರಲೆಂದು ಇಳಿಸುವುದೇ ಹೊರತು, ಪೂರ್ತಿ ಸಡಿಲಿಸುವುದಿಲ್ಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಹೊರತಂದ ಬೇಸ್ ಗಿಟಾರಿನ ಕತ್ತಿನೊಳಗೆ ದಪ್ಪ ತಂತಿಗಳ ಎಳೆತವನ್ನು ತಡೆಯಲು ಉಕ್ಕಿನ ಸಲಾಕೆಯಿದೆ. ನಮ್ಮ ತಂಬೂರಿಗೆ ಅಂಥ ಬೆನ್ನೆಲುಬಿಲ್ಲ. ಅದನ್ನು ಕಾಯಬೇಕಾದುದು ಯಜಮಾನನ ಎಚ್ಚರವೊಂದೇ.

ಇಷ್ಟೆಲ್ಲ ಎಚ್ಚರ ಯಾವುದರ ಸಲುವಾಗಿ ಎಂಬುದನ್ನು ತಿಳಿಯಬೇಕಾದರೆ ಹಲಗೆಯ ಮೇಲೆ ತಂತಿಗಳನ್ನು ಹೊತ್ತ ಕುದುರೆಯ ಬಳಿ ಕಣ್ಣನ್ನೊಯ್ದು ನೋಡಬೇಕು. ತಂತಿಗಳು ಹಾದುಹೋಗುವ ಅದರ ಮೈ ಚಪ್ಪಟೆಯೂ ಅಲ್ಲ, ಚೂಪೂ ಅಲ್ಲ. ಕಂಡೂ ಕಾಣದಷ್ಟು ಇಳಿಜಾರಾದ ಬಾಗು. ತಂತಿಗೂ ಆ ಬಾಗಿಗೂ ನಡುವೆ ನೂಲಿನೆಳೆಯೊಂದಿದೆ, ಅದೇ ಜೀವಾಳಿ. ಎಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತ ಮೀಟುತ್ತ ಹೋದರೆ, ಅಷ್ಟುಹೊತ್ತು ಮಂಕಾಗಿದ್ದ ನಾದ ಒಂದು ಬಿಂದುವಿನಲ್ಲಿ ಸಾವಿರ ದಳವಾಗಿ ಅರಳುತ್ತದೆ. ತಂತಿಯನ್ನು ಇಂಥಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಲಾರದೆಂದು ಶಾಸ್ತ್ರ ಹೇಳುತ್ತಿದ್ದಿತೋ, ಆ ಉಪಸ್ವರವೂ ತಂಬೂರಿಯಲ್ಲಿ ಕೇಳಿಬರುವುದನ್ನೂ, ಅದಕ್ಕೆ ಈ ಬಾಗಿದ ಕುದುರೆಯೂ ಜೀವಾಳಿಯೂ ಕಾರಣವೆಂಬುದನ್ನೂ ಕಲ್ಕತ್ತೆಯಲ್ಲಿದ್ದ ಭೌತವಿಜ್ಞಾನಿ ಸಿ.ವಿ. ರಾಮನ್ನರು 1921ರ ತಮ್ಮ ಲೇಖನದಲ್ಲಿ ನಿರೂಪಿಸಿದರು. ನಾಲ್ಕನೆಯದಾದ ಹಿತ್ತಾಳೆಯ ಖರ್ಜದ ತಂತಿಯಲ್ಲಿ ಈ ಐಶ್ವರ್ಯ ಎಲ್ಲಕ್ಕಿಂತ ಹೆಚ್ಚು; ಮಂದ್ರ ಷಡ್ಜವನ್ನು ಮೀಟಿದಾಗ ಅದರ ಗರ್ಭದಿಂದ ಗಾಂಧಾರ ತಾನಾಗಿಯೇ ಎದ್ದುಬರುತ್ತದೆ. ತೇವದಿಂದ ಹಲಗೆ ಬಾಗಿದರೆ, ಕುದುರೆಯ ಮೈ ಸವೆದರೆ, ಮೊದಲು ಮರೆಯಾಗುವುದು ಆ ಗಾಂಧಾರವೇ.

ಇಂದು ವಿದ್ಯುನ್ಮಾನ ತಂಬೂರಿ ಅಂಗೈಯಗಲದ ಪೆಟ್ಟಿಗೆಯಲ್ಲಿದೆ, ಮೊಬೈಲಿನಲ್ಲಿಯೂ ಇದೆ. ಪ್ರಯಾಣದಲ್ಲಿ ಅದರ ಉಪಕಾರ ದೊಡ್ಡದು. ಆದರೆ ಅದು ಬಂದಂದಿನಿಂದ ಎಷ್ಟೋ ಮನೆಗಳಲ್ಲಿ ನಿಜವಾದ ತಂಬೂರಿ ಅಟ್ಟವನ್ನೇರಿದೆ. ಜೋಪಾನವಾಗಿರಲೆಂದು ಹಾಗೆ ಏರಿಸಿದ ವಾದ್ಯವೇ ಎಲ್ಲಕ್ಕಿಂತ ಬೇಗ ಕೆಡುತ್ತದೆ. ಯಾರೂ ಮುಟ್ಟದ ಕಡೆ ಒರಲೆ ಏರುವುದು ಯಾರಿಗೂ ತಿಳಿಯುವುದಿಲ್ಲ, ಬಿರುಕು ಬಿಟ್ಟ ದಿನ ಯಾರಿಗೂ ಕಾಣುವುದಿಲ್ಲ. ದಿನವೂ ಕೈಗೆ ಬರುವ ತಂಬೂರಿಯ ಸಣ್ಣ ದೋಷವಾದರೋ ಅಂದೇ ಕಿವಿಗೆ ಬೀಳುತ್ತದೆ. ವಾದ್ಯಕ್ಕೆ ಬಳಕೆಗಿಂತ ದೊಡ್ಡ ರಕ್ಷಣೆಯಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿಯೂ ಅಜ್ಜನ ಕಾಲದ ತಂಬೂರಿಯೊಂದಿದ್ದರೆ, ದಯಮಾಡಿ ಈ ಮಳೆಗಾಲಕ್ಕೆ ಮೊದಲೇ ಅದನ್ನು ಇಳಿಸಿರಿ, ಬಲ್ಲವರಿಂದ ಕುದುರೆಯನ್ನು ಸರಿಪಡಿಸಿ ಹೊಸ ತಂತಿ ಕಟ್ಟಿಸಿರಿ, ಮಕ್ಕಳ ಕೈಗೆಟಕುವ ಮೂಲೆಯಲ್ಲಿ ನಿಲ್ಲಿಸಿರಿ.